ಎತ್ತು ಮುದಿಯಲ್ಲ, ಹೇರು ಹೆಚ್ಚು

ಬೈಲಹೊಂಗಲದ ಪೇಟೆಯಿಂದ ತುಸು ಒಳಗಿರುವ ಓಣಿಯೊಂದರ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಯಜಮಾನರು ನಿವೃತ್ತ ಮಾಸ್ತರರು. ಪಡಸಾಲೆಯ ಮೂಲೆಯಲ್ಲಿ, ಮನೆಯಾಕೆಯ ಕೈಯಿಂದಲೇ ಆದ ಕಸೂತಿಯ ಮುಸುಕು ಹೊದ್ದು ಗಣಕಯಂತ್ರವೊಂದು ಕುಳಿತಿದೆ. 2017ರಲ್ಲಿ ಹತ್ತಿ ಮಾರಿ ಬಂದ ಹಣದಿಂದ ಕೊಂಡದ್ದು. ಅಂದು ಗುಂಡಿಯೊತ್ತಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಪರದೆ ಸಿದ್ಧವಾಗುತ್ತಿತ್ತು. ಇಂದು ಗುಂಡಿಯೊತ್ತಿ, ಅಡುಗೆಮನೆಗೆ ಹೋಗಿ ಚಹಾ ಕುಡಿದು ಬಂದರೂ ಅದು ಇನ್ನೂ ಏದುಸಿರು ಬಿಡುತ್ತಲೇ ಇರುತ್ತದೆ. ಮಗಳು ಕಾಲೇಜಿನ ಅರ್ಜಿಯನ್ನು ಸಂಜೆ ಐದರೊಳಗೆ ತುಂಬಿ ಕಳುಹಿಸಬೇಕು. ಗಡಿಯಾರ ನಾಲ್ಕೂವರೆ ತೋರಿಸುತ್ತಿದೆ.

“ಅಪ್ಪಾ, ಇದು ಮುದಿ ಆಗೇತಿ. ಇನ್ನ ಹೊಸಾದು ತರೂದ ಛಲೋ.”

“ಹೊಸಾದು ಅಂದ್ರ ನಲವತ್ತು ಐವತ್ತು ಸಾವಿರ ಬೇಕಲ್ಲವ್ವಾ. ಈ ವರ್ಷ ನಿನ್ನ ಫೀ ಬ್ಯಾರೆ ಕಟ್ಟಬೇಕು.”

ಈ ಸಂಭಾಷಣೆ ಬೈಲಹೊಂಗಲಕ್ಕೆ ಮಾತ್ರ ಮೀಸಲಾದುದಲ್ಲ. ಕಿತ್ತೂರಿನ ಕೋಟೆಯ ಮಗ್ಗುಲಿಗೂ, ಸವದತ್ತಿಯ ಗುಡ್ಡದ ಬುಡಕ್ಕೂ, ಮಲಪ್ರಭೆಯ ದಂಡೆಯ ರಾಮದುರ್ಗಕ್ಕೂ ಇದು ಸಲ್ಲುತ್ತದೆ. ಆದರೆ ಈ ಸೀಮೆಯ ಒಕ್ಕಲಿಗನಿಗೆ ತಿಳಿದಿರುವ ಒಂದು ಸಂಗತಿ ಪೇಟೆಯ ಗೃಹಸ್ಥನಿಗೆ ಮರೆತುಹೋಗಿದೆ. ಚಕ್ಕಡಿ ಏರು ಹತ್ತಲಾರದೆ ನಿಂತಾಗ ರೈತನು ಒಡನೆಯೇ ಎತ್ತನ್ನು ಸಂತೆಗೆ ಅಟ್ಟುವುದಿಲ್ಲ. ಹಿಂದೆ ತಿರುಗಿ, ಹೇರು ಎಷ್ಟಿದೆ ಎಂದು ಮೊದಲು ನೋಡುತ್ತಾನೆ.

ಮನೆಯ ಗಣಕದ ಹೇರು ಕಣ್ಣಿಗೆ ಕಾಣುವಂಥದಲ್ಲ; ತೊಡಕೆಲ್ಲ ಇರುವುದು ಇಲ್ಲಿಯೇ. ಪರದೆಯ ಮೇಲೆ ತೆರೆದಿರುವುದು ಒಂದು ಪತ್ರ, ಒಂದು ಅರ್ಜಿ. ತೆರೆಯ ಹಿಂದೆ ದುಡಿಯುತ್ತಿರುವುದು ನೂರಾರು ಕೆಲಸಗಳು. ಒಂದೇ ಯಂತ್ರ ಹಲವು ಕೆಲಸಗಳಿಗೆ ಕ್ಷಣಕ್ಷಣವೂ ಸರದಿಯ ಮೇಲೆ ಕೈಯೊಡ್ಡಿ, ಎಲ್ಲವೂ ಏಕಕಾಲದಲ್ಲಿ ನಡೆದಂತೆ ತೋರಿಸುವ ಉಪಾಯ ಹೊಸತೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಆತನ ಸಂಗಡಿಗರು 1961ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಯಾರೂ ಕರೆಯದೆ ಹಿನ್ನೆಲೆಯಲ್ಲಿ ತಾನೇ ಎಚ್ಚರವಾಗಿದ್ದು ಕೆಲಸ ನಡೆಸುವ ಕಾರ್ಯಕ್ರಮಕ್ಕೆ ಅದೇ ವಿದ್ಯಾಲಯದವರು 1963ರ ಸುಮಾರಿಗೆ ‘ಡೀಮನ್’ ಎಂದು ಹೆಸರಿಟ್ಟರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಕಣ್ಣಿಗೆ ಬೀಳದೆ ಅಣುಗಳನ್ನು ಬೇರ್ಪಡಿಸುತ್ತ ದಣಿಯದೆ ದುಡಿಯುವ ಪುಟ್ಟ ಭೂತ ಅದು. ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಉಪಕಾರಿ ಭೂತವೇ ಹೊರತು ಪೀಡಿಸುವ ದೆವ್ವವಲ್ಲ. ಭೂತದ ಸಂಖ್ಯೆ ಮಿತಿಮೀರಿದರೆ ಮನೆಯವರ ಗತಿಯೇನೆಂಬುದನ್ನು ಅವರು ಅಂದು ಯೋಚಿಸಿರಲಿಕ್ಕಿಲ್ಲ!

ಇವು ಸೇರಿಕೊಳ್ಳುವ ಬಗೆ ಸ್ವಾರಸ್ಯವಾಗಿದೆ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ಪರದೆಯ ಮೇಲೆ ನಡೆದಾಗ ಸಭೆ ಕೂಡಿಸುವ ಕಾರ್ಯಕ್ರಮವೊಂದು ಮನೆಯೊಳಗೆ ಬಂತು. ಪಾಠ ಮುಗಿಯಿತು, ಅತಿಥಿ ಏಳಲಿಲ್ಲ. ಮುದ್ರಣಯಂತ್ರ ಕೊಂಡಾಗ ಅದರ ಸಹಾಯಕ ಬಂದ. ಯಂತ್ರ ಕೆಟ್ಟು ಗುಜರಿಗೆ ಹೋದರೂ ಸಹಾಯಕ ಇನ್ನೂ ದಿನಬೆಳಗಾದರೆ ಎದ್ದು ಅದರ ದಾರಿ ಕಾಯುತ್ತಾನೆ. ತಮ್ಮನು ಆಡಿ ಬಿಟ್ಟ ಆಟದ ಬಾಗಿಲು ಕಾಯುವವನೊಬ್ಬ, ಹಾಡು ಕೇಳಿಸುವವನೊಬ್ಬ, ಚಿತ್ರಗಳನ್ನು ದೂರದ ಭಂಡಾರಕ್ಕೆ ಸಾಗಿಸುವವನೊಬ್ಬ. ಇವರ ಜೊತೆಗೆ ‘ಹೊಸ ಆವೃತ್ತಿ ಬಂತೇ’ ಎಂದು ಗಳಿಗೆಗೊಮ್ಮೆ ವಿಚಾರಿಸುವ ನಾಲ್ಕಾರು ಜನ. ಪ್ರತಿಯೊಬ್ಬನೂ ತನ್ನ ಪಾಲಿಗೆ ಸಣ್ಣವನೇ. ಯಂತ್ರ ಎಚ್ಚರವಾಗುತ್ತಲೇ ತನ್ನನ್ನೂ ಎಬ್ಬಿಸಬೇಕೆಂದು ಪ್ರತಿಯೊಬ್ಬನೂ ಬರೆಸಿಟ್ಟುಕೊಂಡಿರುತ್ತಾನೆ. ಒಪ್ಪಿಗೆ ಕೊಟ್ಟವರು ಮನೆಯವರೇ; ‘ಮುಂದೆ, ಮುಂದೆ’ ಎಂದು ಒತ್ತುವ ಅವಸರದಲ್ಲಿ ಓದಿರಲಿಲ್ಲ, ಅಷ್ಟೆ.

ಇದರಿಂದ ಯಂತ್ರ ನಿಧಾನವಾಗುವುದು ಹೇಗೆ? ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆಯ ಮೇಲಂಚಿನಲ್ಲಿ ಪ್ರತಿಯೊಬ್ಬನೂ ಒಂದಿಷ್ಟು ನೀರು ತಿರುಗಿಸಿಕೊಂಡರೆ ಕೊನೆಯ ಹೊಲಕ್ಕೆ ತಲಪುವುದು ಬರಿಯ ತೇವ. ಗಣಕದಲ್ಲಿ ಆ ಕೊನೆಯ ಹೊಲ ಮಗಳ ಅರ್ಜಿ. ಯಂತ್ರದ ಕೆಲಸದ ನೆನಪು, ಎಂದರೆ ರ‍್ಯಾಮ್, ಇಂಥ ಮನೆಗಳಲ್ಲಿ ಹೆಚ್ಚಾಗಿ 4 ಗಿಗಾಬೈಟ್. ಅದು ಅಡುಗೆಮನೆಯ ಕಟ್ಟೆಯಿದ್ದಂತೆ, ಬೇಕಾದುದೆಲ್ಲ ಕೈಗೆಟಕುವಲ್ಲಿರಬೇಕು. ಕಟ್ಟೆ ತುಂಬಿದಾಗ ಯಂತ್ರ ಕೆಲವು ಸಾಮಾನುಗಳನ್ನು ಅಟ್ಟಕ್ಕೆ, ಎಂದರೆ ಹಾರ್ಡ್ ಡಿಸ್ಕಿಗೆ, ಏರಿಸುತ್ತದೆ. ಬೇಕಾದಾಗ ಮತ್ತೆ ಇಳಿಸುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ ಎಂದರೆ ಸೆಕೆಂಡಿಗೆ 90 ಸುತ್ತು. ಬೇರೆಬೇರೆ ಕಡೆ ಚೆದುರಿದ ಮಾಹಿತಿಯನ್ನು ಅದರ ಮುಳ್ಳು ಸೆಕೆಂಡಿಗೆ ನೂರು ಬಾರಿಯೂ ಹುಡುಕಿ ತರುವುದು ಕಷ್ಟ. ಇಪ್ಪತ್ತು ಕಾರ್ಯಕ್ರಮಗಳು ಒಮ್ಮೆಲೇ ಎದ್ದು ‘ನನ್ನದು ಮೊದಲು’ ಎಂದು ಅಟ್ಟದ ಏಣಿಗೆ ಮುತ್ತಿಗೆ ಹಾಕಿದರೆ, ಬನದ ಹುಣ್ಣಿಮೆಯಂದು ಯಲ್ಲಮ್ಮನ ಗುಡ್ಡದ ದಾರಿ ಇರುವಂತೆ ಇರುತ್ತದೆ ಅದರ ಸ್ಥಿತಿ.

ನೋಡುವ ಕಿಟಕಿಯೊಂದು ವಿಂಡೋಸ್ ಯಂತ್ರಗಳಲ್ಲಿ ಬಹುಕಾಲದಿಂದಲೂ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಕೂಡಿಸಿ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಯಾರು ಎಷ್ಟು ನೆನಪು ನುಂಗಿದ್ದಾರೆ, ಯಾರು ಡಿಸ್ಕನ್ನು ಹಿಡಿದಿದ್ದಾರೆ ಎಂಬ ಲೆಕ್ಕವೆಲ್ಲ ಅಲ್ಲಿ ಬಯಲಾಗುತ್ತದೆ. ಆದರೆ ಲೆಕ್ಕ ನೋಡಿದೊಡನೆ ಕೋಲೆತ್ತುವುದು ಅವಿವೇಕ. ಅದರ ವಿವರದ ಪಟ್ಟಿಯಲ್ಲಿ ‘ಸಿಸ್ಟಮ್ ಐಡಲ್ ಪ್ರಾಸೆಸ್’ ಎಂಬುದು ತೊಂಬತ್ತು ಭಾಗ ಆಕ್ರಮಿಸಿರುವುದನ್ನು ಕಂಡು ಕಳ್ಳ ಸಿಕ್ಕನೆಂದು ಹಿಗ್ಗಿದವರುಂಟು. ನಿಜವಾಗಿ ಅದು ಯಂತ್ರದ ಬಿಡುವಿನ ಅಳತೆ. ಅದು ದೊಡ್ಡದಿದ್ದಷ್ಟೂ ಒಳ್ಳೆಯದು. ‘ಎಸ್‌ವಿಸಿಹೋಸ್ಟ್’ ಎಂಬ ಒಂದೇ ಹೆಸರು ಐವತ್ತು ಅರವತ್ತು ಸಾಲುಗಳಲ್ಲಿ ಕಂಡರೆ ಅದೂ ರೋಗವಲ್ಲ. 2017ರ ಆವೃತ್ತಿಯಿಂದ, ಮೂರೂವರೆ ಗಿಗಾಬೈಟಿಗಿಂತ ಹೆಚ್ಚು ನೆನಪಿರುವ ಯಂತ್ರಗಳಲ್ಲಿ, ಮೊದಲು ಒಂದೇ ಬುಟ್ಟಿಯಲ್ಲಿದ್ದ ವ್ಯವಸ್ಥೆಯ ಸೇವೆಗಳನ್ನು ಬೇರೆಬೇರೆ ಇರಿಸಿದ್ದರಿಂದ ಸಾಲುಗಳು ಬೆಳೆದವು. ಇನ್ನು ‘ಸಿಎಸ್‌ಆರ್‌ಎಸ್‌ಎಸ್’, ‘ವಿನಿನಿಟ್’ ಮುಂತಾದವು ಮನೆಯ ತೊಲೆಗಂಬಗಳು. ಅವನ್ನು ಎಳೆದರೆ ಪರದೆ ನೀಲಿಯಾಗಿ ಇಡೀ ಯಂತ್ರ ಕುಸಿಯುತ್ತದೆ. ಬರೆಯುತ್ತಿದ್ದ ಅರ್ಜಿಯೂ ಅದರೊಡನೆ.

ಓಡುತ್ತಿರುವವನನ್ನು ಅಡ್ಡಗಟ್ಟುವುದರಲ್ಲಿ ಫಲವಿಲ್ಲ, ನಾಳೆ ಬೆಳಗ್ಗೆ ಆತ ಮತ್ತೆ ಹಾಜರು. ಮಾಡಬೇಕಾದುದು ಆತನಿಗಿರುವ ಕರೆಯೋಲೆಯನ್ನು ಹಿಂತೆಗೆದುಕೊಳ್ಳುವುದು. ಅದೇ ಕಿಟಕಿಯ ‘ಸ್ಟಾರ್ಟ್‌ಅಪ್’ ಪುಟದಲ್ಲಿ ಯಂತ್ರದೊಡನೆ ಏಳುವವರ ಹೆಸರುಗಳೂ, ಅವರಿಂದ ಆಗುವ ಭಾರ ಹೆಚ್ಚೋ ಮಧ್ಯಮವೋ ಕಡಿಮೆಯೋ ಎಂಬ ಗುರುತೂ ಇವೆ. ಹೆಸರನ್ನು ಆರಿಸಿ ‘ಡಿಸೇಬಲ್’ ಎಂದರೆ ಸಾಕು. ಕಾರ್ಯಕ್ರಮ ಅಳಿಸಿಹೋಗುವುದಿಲ್ಲ, ಕರೆದಾಗ ಬರುತ್ತದೆ, ಕರೆಯದಿದ್ದರೆ ಮಲಗಿರುತ್ತದೆ. ಬೇಕೆನಿಸಿದರೆ ಮತ್ತೆ ‘ಎನೇಬಲ್’ ಮಾಡಬಹುದು. ಒಂದೊಂದಾಗಿ ನಿಲ್ಲಿಸಿ, ಒಂದೆರಡು ದಿನ ನೋಡಿ ಮುಂದುವರಿಯುವುದು ಜಾಣತನ; ಹದಿನೈದನ್ನು ಒಮ್ಮೆಲೇ ನಿಲ್ಲಿಸಿದವನಿಗೆ ಏನು ಕೆಟ್ಟರೂ ಯಾವುದರಿಂದ ಕೆಟ್ಟಿತೆಂದು ತಿಳಿಯದು. ಬಳಿಕ ಯಂತ್ರವನ್ನು ‘ರೀಸ್ಟಾರ್ಟ್’ ಮಾಡಬೇಕು. ಬರಿಯ ‘ಶಟ್ ಡೌನ್’ ಮಾಡಿದರೆ, ಬೇಗ ಏಳುವ ಅನುಕೂಲಕ್ಕಾಗಿ ವ್ಯವಸ್ಥೆ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬಚ್ಚಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ವಾರಗಟ್ಟಲೆ ದಿನವೂ ‘ಬಂದ್’ ಮಾಡುವ ಮನೆಯ ಗಣಕವೂ ಈ ಅರ್ಥದಲ್ಲಿ ಒಮ್ಮೆಯೂ ಪೂರ್ತಿ ನಿದ್ರಿಸಿರುವುದಿಲ್ಲ. ಕ್ರೋಮ್‌ನಂಥ ಜಾಲದರ್ಶಕಗಳಲ್ಲಿಯೂ, ಮುಚ್ಚಿದ ಮೇಲೆಯೂ ಹಿನ್ನೆಲೆಯಲ್ಲಿ ಕೆಲಸ ಮುಂದುವರಿಸುವ ಅನುಮತಿಯೊಂದು ಇರುತ್ತದೆ, ಅದನ್ನು ತೆಗೆದುಬಿಡಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಹೇರು ಇಳಿಸುವ ಹುಮ್ಮಸ್ಸಿನಲ್ಲಿ ಕೆಲವರು ವ್ಯವಸ್ಥೆಯ ತಿದ್ದುಪಡಿ ತರುವ ಸೇವೆಯನ್ನೇ ನಿಲ್ಲಿಸುತ್ತಾರೆ. 2017ರ ಮಾರ್ಚಿಯಲ್ಲಿ ಮೈಕ್ರೋಸಾಫ್ಟ್ ಒಂದು ತಿದ್ದುಪಡಿ ಹೊರಡಿಸಿತು. ಮೇ 12ರಂದು ‘ವಾನ್ನಾಕ್ರೈ’ ಎಂಬ ವೈರಸ್ ಹರಡಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದಾಗ, ಸಿಕ್ಕಿಬಿದ್ದವು ಆ ತಿದ್ದುಪಡಿ ಇಲ್ಲದ ಯಂತ್ರಗಳು. ವೈರಸ್ ಕಾಯುವ ಕಾವಲುಗಾರನೂ ಹಾಗೆಯೇ, ಒಬ್ಬ ಇರಲೇಬೇಕು. ಇಬ್ಬರನ್ನಿಟ್ಟರೆ ಒಂದೇ ಬಾಗಿಲಿನಲ್ಲಿ ಒಬ್ಬರನ್ನೊಬ್ಬರು ತಡೆದು ತಪಾಸಣೆ ಮಾಡುತ್ತಾರೆ, ಮನೆಯವರು ಹೊರಗೆ ನಿಂತಿರುತ್ತಾರೆ. ಎರಡನೆಯದು, ‘ನೆನಪು ಶುದ್ಧಿ’, ‘ವೇಗವರ್ಧಕ’ ಎಂದು ಜಾಹೀರಾತು ಕೊಡುವ ಔಷಧಿಗಳು. ಅವೂ ಹಗಲಿರುಳು ಹಿನ್ನೆಲೆಯಲ್ಲಿ ಓಡುವ ಕಾರ್ಯಕ್ರಮಗಳೇ. ಹೇರು ಇಳಿಸಲು ಕರೆಸಿದ ಹಮಾಲ ತಾನೇ ಚಕ್ಕಡಿ ಹತ್ತಿ ಕುಳಿತಂತೆ!

ಇಷ್ಟಾದರೂ ಹಳೆಯ ಯಂತ್ರ ಹೊಸದಾಗುವುದಿಲ್ಲವೆಂಬುದನ್ನು ಮುಚ್ಚಿಡಬಾರದು. ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಲಾಭ ಬರಿಯ ಹೇರು ಇಳಿಸುವುದರಿಂದ ಆಗದು; ಅದರ ಖರ್ಚು ಹೊಸ ಗಣಕದ ಬೆಲೆಯ ಸಣ್ಣ ಪಾಲು ಮಾತ್ರ. ಅಲ್ಲದೆ ವಿಂಡೋಸ್ 10ಕ್ಕೆ ಸಾಮಾನ್ಯ ಬಳಕೆದಾರರಿಗಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ಬಳಿಕದ ರಕ್ಷಣೆಯ ತಿದ್ದುಪಡಿಗಳಿಗೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕಾಯಿತು. ಬ್ಯಾಂಕಿನ ವ್ಯವಹಾರವನ್ನು ಇಂಥ ಯಂತ್ರದಲ್ಲಿ ನಡೆಸುವವರು ಇದನ್ನು ವಿಚಾರಿಸಲೇಬೇಕು.

ಮಾಸ್ತರರ ಮನೆಗೆ ಮರಳೋಣ. ಅಂದು ಅರ್ಜಿ ಹೋದದ್ದು ನೆರೆಮನೆಯ ಹುಡುಗನ ಫೋನಿನಿಂದ, ಐದಕ್ಕೆ ಏಳು ನಿಮಿಷ ಇರುವಾಗ. ರಾತ್ರಿ ಊಟವಾದ ಮೇಲೆ ಹುಡುಗ ಬಂದು ಕುಳಿತ. “ಕಾಕಾ, ಈ ಪ್ರಿಂಟರ್ ಎಲ್ಲೈತ್ರಿ?” “ಅದನ್ನ ಹ್ವಾದ ವರ್ಷನ ಗುಜರಿಗಿ ಹಾಕೇವಲ್ಲೊ.” ಹೀಗೆ ವಿಚಾರಿಸುತ್ತ, ಅವಸರದಲ್ಲಿ ಒಂಬತ್ತು ಹೆಸರುಗಳನ್ನು ಒಟ್ಟಿಗೇ ನಿಲ್ಲಿಸಿದ. ಮರುದಿನ ಯಂತ್ರ ಎರಡು ನಿಮಿಷದೊಳಗೆ ಎದ್ದಿತು. ಮಾಸ್ತರರು ಹಿಗ್ಗಿ, ಸಂಗೊಳ್ಳಿ ರಾಯಣ್ಣನ ಕುರಿತು ತಾವು ಬರೆಯುತ್ತಿದ್ದ ಭಾಷಣವನ್ನು ತೆರೆದು ಬೆರಳಾಡಿಸಿದರು. ಮೂಡಿದವೆಲ್ಲ ಇಂಗ್ಲಿಷ್ ಅಕ್ಷರಗಳು!

“ನನ್ನ ಕನ್ನಡ ಎಲ್ಲಿ ಹೋತ?” ಎಂಬ ಕೂಗಿಗೆ ಮಗಳು ಅಡುಗೆಮನೆಯಿಂದ ಓಡಿಬಂದಳು. ಒತ್ತಿದ ಪ್ರತಿ ಕೀಲಿಯನ್ನೂ ಹಿನ್ನೆಲೆಯಲ್ಲಿ ಆಲಿಸಿ ಕನ್ನಡವಾಗಿಸುವ ‘ನುಡಿ’ಯೂ ನಿಂತ ಒಂಬತ್ತರಲ್ಲಿ ಒಂದಾಗಿತ್ತು. ಆಕೆ ಪಟ್ಟಿ ತೆರೆದು ಅದೊಂದನ್ನು ಮತ್ತೆ ‘ಎನೇಬಲ್’ ಮಾಡಿದಳು. ಉಳಿದ ಎಂಟು ಹಾಗೆಯೇ ಮಲಗಿದ್ದವು. ಮಾಸ್ತರರು ಕನ್ನಡಕ ಏರಿಸಿ, ನಿಂತಿದ್ದ ವಾಕ್ಯದ ಮುಂದಿನ ಅಕ್ಷರ ಹುಡುಕತೊಡಗಿದರು.