ಪಂಜರದ ಹಕ್ಕಿಗೊಂದು ನೆಲೆ

ಅರ್ಥವರಿಯದೆ ಒಪ್ಪಿಸುವ ಓದನ್ನು ಕನ್ನಡದಲ್ಲಿ ‘ಗಿಳಿಪಾಠ’ವೆನ್ನುವುದುಂಟು. ಮನೆಯ ಜಗಲಿಯಲ್ಲಿ ಗಿಳಿಯ ಪಂಜರ ತೂಗುತ್ತಿದ್ದ ಕಾಲದ ಮಾತಿದು. ಹಕ್ಕಿಯನ್ನು ಕೊಂಡು ತರುವಾಗ ಎಲ್ಲರಿಗೂ ಉತ್ಸಾಹವೇ. ಆದರೆ ಮಕ್ಕಳು ಬೆಳೆಯುತ್ತಾರೆ, ಮನೆ ಬದಲಾಗುತ್ತದೆ, ಪಂಜರ ಮೂಲೆ ಸೇರುತ್ತದೆ. ಹೀಗೆ ಅಲಕ್ಷ್ಯಕ್ಕೊಳಗಾದ ಹಕ್ಕಿಗೆ ನೆರವಾಗಬೇಕೆಂಬುದು ಸಹಜವಾದ ಕರುಣೆ. ಆದರೆ ಅರಿವಿಲ್ಲದ ಕರುಣೆಯಿಂದ ಹಕ್ಕಿಯ ಪ್ರಾಣಕ್ಕೇ ಕುತ್ತು ಬರಬಹುದು.

ಬೆಂಗಳೂರಿನ ಪಶ್ಚಿಮಕ್ಕಿರುವ ಉಲ್ಲಾಳವನ್ನೇ ನೋಡೋಣ. ರಾಣಿ ಅಬ್ಬಕ್ಕನ ಕರಾವಳಿಯ ಉಲ್ಲಾಳ ಬೇರೆ. ಇದು ಕೆರೆಯ ಸುತ್ತ ಬಡಾವಣೆಗಳು ಬೆಳೆದಿರುವ ಊರು. ಇಲ್ಲಿನ ಮನೆಯೊಂದರಲ್ಲಿ ಒಡೆಯರು ಬಿಟ್ಟುಹೋದ ಪಂಜರವಿದೆಯೆಂದು ಭಾವಿಸೋಣ. ಮೊದಲು ಕೇಳಬೇಕಾದ ಪ್ರಶ್ನೆ: ಒಳಗಿರುವ ಹಕ್ಕಿ ಯಾವ ನಾಡಿನದು?

ಅದು ಕೊರಳಲ್ಲಿ ಕೆಂಪು ಉಂಗುರವಿರುವ ನಮ್ಮ ಹಸಿರು ಗಿಳಿಯಾದರೆ, ಅದನ್ನು ದತ್ತು ಪಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ರಕ್ಷಿತ ಪಕ್ಷಿ. ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಮರದ ಪೊಟರೆಯಿಂದ ಕದ್ದ ಮರಿಗಳೇ ಇಂಥ ಪಂಜರಗಳನ್ನು ಸೇರಿರುತ್ತವೆ. ಹಾಗೆಂದು ಒಡನೆ ಹಾರಿಬಿಡುವುದೂ ಸಲ್ಲದು. ಕತ್ತರಿಸಿದ ರೆಕ್ಕೆಯ ಗರಿ ಮತ್ತೆ ಮೂಡಲು ತಿಂಗಳುಗಳೇ ಬೇಕು. ಆಹಾರ ಹುಡುಕುವುದನ್ನೂ ಅದು ಕಲಿಯಬೇಕು. ಆದುದರಿಂದ ಅರಣ್ಯ ಇಲಾಖೆಗೆ ತಿಳಿಸಬೇಕು. ಇಲ್ಲವೆ ಉಲ್ಲಾಳಕ್ಕೆ ಸಮೀಪದ ಕೆಂಗೇರಿಯಲ್ಲಿರುವ ‘ಪೀಪಲ್ ಫಾರ್ ಅನಿಮಲ್ಸ್’ ಸಂಸ್ಥೆಯ ವನ್ಯಜೀವಿ ಚಿಕಿತ್ಸಾಲಯದಂತಹ ಕಡೆಗೆ ಒಪ್ಪಿಸಬೇಕು.

ಲವ್ ಬರ್ಡ್ಸ್ ಎಂದು ಅಂಗಡಿಗಳಲ್ಲಿ ಮಾರುವ ಪುಟ್ಟ ಬಡ್ಜರಿಗಾರ್ ಹಕ್ಕಿಯ ಕಥೆ ಬೇರೆ. ಅದರ ತವರು ಆಸ್ಟ್ರೇಲಿಯ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಬಳಿಕ, ತಲೆಮಾರುಗಳಿಂದ ಅದು ಪಂಜರದಲ್ಲೇ ಹುಟ್ಟಿ ಬೆಳೆಯುತ್ತಿದೆ. ‘ಸ್ವಾತಂತ್ರ್ಯ ಕೊಡುತ್ತೇನೆ’ ಎಂದು ಅದನ್ನು ಹೊರಬಿಟ್ಟರೆ, ಕಾಗೆ, ಹದ್ದುಗಳ ಪಾಲಾಗುತ್ತದೆ. ಇಲ್ಲವೆ ಹಸಿವಿನಿಂದ ಸಾಯುತ್ತದೆ. ಅದಕ್ಕೆ ಬೇಕಾದುದು ಆಕಾಶವಲ್ಲ, ಒಳ್ಳೆಯ ಮನೆ.

ಅಲಕ್ಷ್ಯದ ಗುರುತುಗಳು ಸ್ಪಷ್ಟ: ಮಿತಿಮೀರಿ ಬೆಳೆದ ಕೊಕ್ಕು, ಉಗುರು, ತಾನೇ ಕಿತ್ತುಕೊಂಡ ಗರಿ. ಗಿಳಿಯ ಜಾತಿಯ ಹಕ್ಕಿಗಳು ಹಿಂಡಿನಲ್ಲಿ ಬಾಳುವಂಥವು. ಒಂಟಿತನವೂ ಅವುಗಳಿಗೆ ರೋಗವೇ. ಅಂಥ ಹಕ್ಕಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಒಂದು ತಿಂಗಳಾದರೂ ಪ್ರತ್ಯೇಕವಾಗಿಡಬೇಕು. ಬರಿಯ ಕಾಳು ತಿಂದ ಹಕ್ಕಿಗೆ ‘ಎ’ ಜೀವಸತ್ವದ ಕೊರತೆ ಇರುತ್ತದೆ. ನವಣೆಯ ಜೊತೆಗೆ ಕ್ಯಾರೆಟ್ಟಿನ ತುರಿಯನ್ನೂ ಸೊಪ್ಪನ್ನೂ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಬೆಣ್ಣೆಹಣ್ಣೂ ಚಾಕೊಲೇಟೂ ಅದಕ್ಕೆ ವಿಷ. ಅಡುಗೆಮನೆಯ ಹೊಗೆಯೂ ಅಪಾಯಕರ. ಪಂಜರವು ರೆಕ್ಕೆ ಬಿಚ್ಚುವಷ್ಟು ವಿಶಾಲವಾಗಿರಬೇಕು.

ನಂಬಿಕೆ ಮಾತ್ರ ಅವಸರದಿಂದ ಬಾರದು. ಮನುಷ್ಯನ ಕೈಯಿಂದ ನೊಂದ ಹಕ್ಕಿ ಕೈ ಕಂಡರೆ ಬೆದರುತ್ತದೆ. ದಿನವೂ ಒಂದೇ ಹೊತ್ತಿಗೆ ಹತ್ತಿರ ಕುಳಿತು ಮೆಲ್ಲನೆ ಮಾತನಾಡಿಸಿದರೆ, ಒಂದು ದಿನ ಅದಾಗಿಯೇ ಬೆರಳ ಮೇಲೆ ಬಂದು ಕೂರಬಹುದು. ಪುಟ್ಟ ಬಡ್ಜರಿಗಾರ್ ಕೂಡ ಐದರಿಂದ ಹತ್ತು ವರ್ಷ ಬಾಳೀತು. ಆದುದರಿಂದ ದತ್ತು ಎಂಬುದು ಒಂದು ದಿನದ ಮರುಕವಲ್ಲ, ವರ್ಷಗಳ ಹೊಣೆ. ಅಷ್ಟು ಕಾಲ ನೋಡಿಕೊಳ್ಳಲಾಗದವರು ತಕ್ಕ ಮನೆ ದೊರೆಯುವವರೆಗೆ ಪೋಷಿಸಿದರೂ ಅದು ದೊಡ್ಡ ಉಪಕಾರವೇ.

ನಾಡಿನ ಹಕ್ಕಿಗೆ ಮರಳಿ ಮರ, ಹೊರನಾಡಿನ ಹಕ್ಕಿಗೆ ಅಕ್ಕರೆಯ ಮನೆ: ಯಾವುದಕ್ಕೆ ಯಾವುದು ನೆಲೆಯೆಂದು ತಿಳಿದು ನಡೆಯುವುದೇ ನಿಜವಾದ ದಯೆ.