ಶುಭಾಶಯ ಪತ್ರಕ್ಕೆ ಕಸೂತಿಯ ಸೊಬಗು

ಬಟ್ಟೆಯಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು. ಕಾಗದದಲ್ಲಿ ಬಿದ್ದ ರಂಧ್ರ ಬಿದ್ದದ್ದೇ. ಆದ್ದರಿಂದ ಶುಭಾಶಯ ಪತ್ರದ ಮೇಲೆ ಹೊಲಿಯುವವರು ರಂಧ್ರಗಳನ್ನು ಮೊದಲೇ ಮಾಡಿಕೊಳ್ಳಬೇಕು. ಗ್ರಾಫ್ ಹಾಳೆಯಲ್ಲಿ ಗೋಪುರವನ್ನೋ ತುಳಸಿಕಟ್ಟೆಯನ್ನೋ ಬರೆದು, ದಪ್ಪ ಡ್ರಾಯಿಂಗ್ ಹಾಳೆಯ ಮೇಲಿಟ್ಟು, ಅಡಿಗೆ ಮಡಿಸಿದ ಬಟ್ಟೆ ಹಾಸಿ, ಗುಂಡುಸೂಜಿಯಿಂದ ಚುಚ್ಚಿರಿ. ರಂಧ್ರಗಳ ನಡುವೆ 3 ಮಿಲಿಮೀಟರ್ ಆದರೂ ಇರಲಿ. ತೀರಾ ಒತ್ತಾದರೆ ಅಂಚೆಚೀಟಿ ಬಿಡಿಸಿದಂತೆ ಕಾಗದ ಹರಿದುಬರುತ್ತದೆ. ದಾರದ 6 ಎಳೆಗಳಲ್ಲಿ 2 ಸಾಕು.

ಇದಕ್ಕೆ ಧಾರವಾಡ ಕಸೂತಿಯ ಗವಂತಿ ಹೊಲಿಗೆಯಷ್ಟು ಒಪ್ಪುವುದು ಬೇರಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಜಾಗದಲ್ಲಿ ದಾರ ಕಾಣುತ್ತದೆ. ಅದೇ ರಂಧ್ರಗಳಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳು ತುಂಬುತ್ತವೆ. ಗಂಟಿಲ್ಲ, ಎರಡೂ ಬದಿ ಒಂದೇ ರೂಪ. ಹಾಗಾಗಿ ಹಿಂಬದಿ ಮುಚ್ಚಲು ಬೇರೆ ಕಾಗದ ಅಂಟಿಸಬೇಕಿಲ್ಲ. ದಾರದ ತುದಿಯನ್ನು ಹೊಲಿಗೆಯ ಅಡಿಗೆ ತೂರಿಸಿದರಾಯಿತು. ಅಂಚೆಯಲ್ಲಿ ಕಳಿಸುವುದಾದರೆ ಮಣಿ ಪೋಣಿಸಬೇಡಿ; ಮುದ್ರೆಯ ಪೆಟ್ಟಿಗೆ ಒಡೆದೀತು.