ಉರಿಯೂತ, ಸ್ಟೀರಾಯ್ಡ್ ಮತ್ತು ಹೃದಯದ ಲಯ: ಒಂದು ಐತಿಹಾಸಿಕ ಅವಲೋಕನ

ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದು ಹೆಸರು. ಇವು ಕ್ರಮಬದ್ಧವಾಗಿ ಸಂಕೋಚಿಸದೆ ಅಡ್ಡಾದಿಡ್ಡಿಯಾಗಿ ಅದಿರತೊಡಗಿದರೆ ನಾಡಿಯ ಲಯ ತಪ್ಪುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ವಿಕಾರದಲ್ಲಿ ರಕ್ತವು ಹೃತ್ಕರ್ಣದೊಳಗೆ ನಿಂತು ಹೆಪ್ಪುಗಟ್ಟುವುದುಂಟು. ಆ ಹೆಪ್ಪು ಮಿದುಳನ್ನು ಸೇರಿದರೆ ಪಾರ್ಶ್ವವಾಯು ಉಂಟಾಗುತ್ತದೆ.

ಈ ವಿಕಾರಕ್ಕೂ ಉರಿಯೂತಕ್ಕೂ ಇರುವ ಸಂಬಂಧವು ನಮ್ಮ ನಾಡಿನಲ್ಲಿ ರುಮ್ಯಾಟಿಕ್ ಜ್ವರದ ಮೂಲಕ ಚೆನ್ನಾಗಿ ವಿದಿತವಾಗುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಮಕ್ಕಳಿಗೆ ಬರುವ ಗಂಟಲುಬೇನೆಯ ತರುವಾಯ, ಕೆಲವರಲ್ಲಿ ದೇಹದ ರಕ್ಷಣಾಶಕ್ತಿಯೇ ಕೀಲುಗಳ ಮತ್ತು ಹೃದಯದ ಮೇಲೆ ತಿರುಗುತ್ತದೆ. ಕೀಲುನೋವು ಶಮನವಾದರೂ ಹೃದಯದ ಕವಾಟಕ್ಕೆ ಆದ ಹಾನಿ ಉಳಿಯಬಹುದು. ಮೈಟ್ರಲ್ ಕವಾಟವು ಕಿರಿದಾದಂತೆ ಎಡ ಹೃತ್ಕರ್ಣವು ಹಿಗ್ಗಿ, ವರ್ಷಗಳ ಮೇಲೆ ಅದರ ಲಯ ಕೆಡುತ್ತದೆ. ಇಂಥ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಹುಸಂಖ್ಯೆಯಲ್ಲಿ ನಡೆದಿದೆ.

ಉರಿಯೂತವೇ ಮೂಲವಾದರೆ ಅದನ್ನು ಅಡಗಿಸುವ ಔಷಧವು ಹೃದಯವನ್ನು ಕಾಪಾಡಬೇಕಲ್ಲವೆ? ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರು 1948ರಲ್ಲಿ ಕೀಲುರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟು ಅದ್ಭುತ ಫಲವನ್ನು ಕಂಡರು. 1950ರಲ್ಲಿ ಅವರಿಗೂ ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಆದರೆ ಬ್ರಿಟನ್ ಮತ್ತು ಅಮೆರಿಕದ ವೈದ್ಯರು ರುಮ್ಯಾಟಿಕ್ ಜ್ವರದ 497 ಮಕ್ಕಳಲ್ಲಿ ನಡೆಸಿ 1955ರಲ್ಲಿ ಪ್ರಕಟಿಸಿದ ಪರೀಕ್ಷೆಯು ಈ ಆಸೆಯನ್ನು ಕುಗ್ಗಿಸಿತು. ವರ್ಷದ ಕೊನೆಗೆ ಹೃದಯದ ಸ್ಥಿತಿಯಲ್ಲಿ ಕಾರ್ಟಿಸೋನ್ ಪಡೆದವರಿಗೂ ಆಸ್ಪಿರಿನ್ ಪಡೆದವರಿಗೂ ಗಣನೀಯ ಭೇದ ಕಾಣಲಿಲ್ಲ.

ಅದೇ ಆಸೆ ಅರ್ಧ ಶತಮಾನದ ಮೇಲೆ ಮತ್ತೆ ಚಿಗುರಿತು. ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಉರಿಯೂತದೊಡನೆ ಲಯಭಂಗವೂ ಸಾಮಾನ್ಯ. 2007ರಲ್ಲಿ ಫಿನ್ಲೆಂಡಿನ 241 ರೋಗಿಗಳ ಪರೀಕ್ಷೆಯಲ್ಲಿ ಹೈಡ್ರೊಕಾರ್ಟಿಸೋನ್ ಪಡೆದವರ ಪೈಕಿ ಶೇಕಡ 30 ಮಂದಿಗೆ, ಪಡೆಯದವರ ಪೈಕಿ ಶೇಕಡ 48 ಮಂದಿಗೆ ಲಯ ತಪ್ಪಿತು. ಆದರೆ 2015ರಲ್ಲಿ ಪ್ರಕಟವಾದ 7,507 ರೋಗಿಗಳ ಪರೀಕ್ಷೆಯಲ್ಲಿ ಮೀಥೈಲ್‌ಪ್ರೆಡ್ನಿಸೊಲೋನ್‌ನಿಂದ ಅಂಥ ಲಾಭ ಕಂಡುಬರಲಿಲ್ಲ. ಇದಕ್ಕೂ ಮೊದಲೇ, 2006ರಲ್ಲಿ, ಹಾಲೆಂಡಿನ ರಾಟರ್‌ಡ್ಯಾಮಿನ ಅಧ್ಯಯನವು ಅಧಿಕ ಪ್ರಮಾಣದ ಸ್ಟೀರಾಯ್ಡ್ ಸೇವನೆಗೂ ಹೊಸದಾಗಿ ತೋರುವ ಲಯಭಂಗಕ್ಕೂ ನಂಟಿರುವುದನ್ನು ತೋರಿಸಿತ್ತು. ಸ್ಟೀರಾಯ್ಡ್ ದೇಹದಲ್ಲಿ ಲವಣವನ್ನೂ ನೀರನ್ನೂ ಹಿಡಿದಿಟ್ಟು ಪೊಟಾಸಿಯಮ್ಮನ್ನು ಹೊರಹಾಕುವುದು ಇದಕ್ಕೆ ಒಂದು ಕಾರಣವಿರಬಹುದು.

ಕಾರಣವು ತಿಳಿದೊಡನೆ ಪರಿಹಾರವೂ ತಿಳಿಯಿತೆನ್ನಲಾಗದು ಎಂಬುದೇ ಈ ಇತಿಹಾಸದ ಸಾರ. ಹನುಮಸಾಗರದಂಥ ಊರುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದು ಕೇವಲ ಪುಸ್ತಕದ ವಿಷಯವಲ್ಲ. ಮಗುವಿನ ಗಂಟಲುಬೇನೆಯನ್ನು ಕಾಲದಲ್ಲಿ ವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಪೆನಿಸಿಲಿನ್ ಕೊಡಿಸಿದರೆ ಕವಾಟದ ಹಾನಿಯನ್ನು ಮೂಲದಲ್ಲೇ ತಡೆಯಬಹುದು. ಕೀಲುನೋವಿಗೆಂದು ಸ್ಟೀರಾಯ್ಡ್ ಗುಳಿಗೆಗಳನ್ನು ತಾವಾಗಿಯೇ ಸೇವಿಸುವುದೂ, ಬಹುಕಾಲ ಸೇವಿಸಿದ್ದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯಕರ.